ಎಚ್4 ಕಾಣದ ಸಿಡಿಎನ್‌ಎ: ಹಿಸ್ಟೋನ್ ಜೀನುಗಳಿಗೂ ಕೋಶ ವಿಭಜನೆಗೂ ಇರುವ ನಂಟು

ಮೇಘಾ, ಪುಣೆ
ಎಲ್ಲಾರಿಗೂ ನಮಸ್ಕಾರ. ನಾ ಬೆಳಗಾವಿ ಕಡೆಯಾಕಿ, ಪುಣೆದಾಗ ಎಂಎಸ್ಸಿ ಬಯೋಟೆಕ್ನಾಲಜಿ ಓದಾಕತ್ತೀನಿ. ಪ್ರಾಜೆಕ್ಟಿಗೆ ಹೀಲಾ ಅನ್ನೂ ಮನುಷ್ಯರ ಕ್ಯಾನ್ಸರ್ ಕೋಶ ಬೆಳಸಿ, ಕೋಶಚಕ್ರದ ಯಾವ ಹಂತದಾಗ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳೂ ಪ್ರೋಟೀನ್) ಮಾಡೂ ಜೀನಿನ ಆರ್‌ಎನ್‌ಎ ಪ್ರತಿ, ಅಂದ್ರ ಎಂಆರ್‌ಎನ್‌ಎ, ಎಷ್ಟು ಏರತೈತಿ ಅಂತ ಕ್ಯೂಪಿಸಿಆರ್‌ನಾಗ (ಡಿಎನ್‌ಎ ತುಣುಕನ್ನ ಸೈಕಲ್ ಸೈಕಲ್ಲಿಗೆ ಹೆಚ್ಚಿಸಿ ಅಳಿಯೂ ವಿಧಾನ) ಅಳೀಬೇಕು. ಆರ್‌ಎನ್‌ಎ ತಗದು, ಆಲಿಗೊ-ಡಿಟಿ ಪ್ರೈಮರ್ (ನಕಲು ಶುರು ಮಾಡೂ ಪುಟ್ಟ ಡಿಎನ್‌ಎ ತುಣುಕು) ಹಾಕಿ ಸಿಡಿಎನ್‌ಎ, ಅಂದ್ರ ಆ ಆರ್‌ಎನ್‌ಎದ ಡಿಎನ್‌ಎ ನಕಲು, ಮಾಡೀನಿ. ಹೋಲಿಕೆಗೆ ಇಟ್ಟ ಜೀನುಗಳಾದ ಜಿಎಪಿಡಿಎಚ್ ಚಲೋ ಬರತೈತಿ, ಆಕ್ಟಿನ್ ಚಲೋ ಬರತೈತಿ. ಎಚ್4 ಅನ್ನೂ ಹಿಸ್ಟೋನ್ ಅಷ್ಟ ಬರವಲ್ದು. ಬಂದ್ರೂ 34–35ನೇ ಸೈಕಲ್ಲಿಗೆ, ಅಂದ್ರ ಇದ್ದೂ ಇಲ್ಲದಷ್ಟು. ಒಂದ ಸವನ ಒಡೀತಿರೋ ಕೋಶದಾಗ ಹಿಸ್ಟೋನ್ ಎಂಆರ್‌ಎನ್‌ಎ ಇಲ್ಲ ಅಂದ್ರ ನಂಬೂದ ಹ್ಯಾಂಗ? ಹೊಸ ಪ್ರೈಮರ್ ತರಸು ಅಂತ ಲ್ಯಾಬಿನಾಗ ಹೇಳ್ಯಾರ. ತರಸೂಕಿಂತ ಮೊದಲ ಇಲ್ಲೆ ಕೇಳೂಣು ಅನಿಸ್ತು.

ಸಂತೋಷ, ಠಾಣೆ
ಮೊದಲು ಆರ್‌ಎನ್‌ಎ ಹಾಳಾಗಿದೆಯಾ ನೋಡಿ. ಜೆಲ್‌ನಲ್ಲಿ ರೈಬೋಸೋಮಿನ ಆರ್‌ಎನ್‌ಎಗಳಾದ 28ಎಸ್, 18ಎಸ್ ಎರಡೂ ಪಟ್ಟಿ ಸ್ಪಷ್ಟವಾಗಿ ಕಾಣ್ತಿವೆಯಾ?

ಮೇಘಾ, ಪುಣೆ
ಎರಡೂ ಸ್ವಚ್ಛ ಕಾಣತಾವ್ರಿ ಸರ್.

ವಿದ್ಯಾ, ಖಾರ್ಘರ್
ಮೇಘಾ, ದುಡ್ಡು ಹಾಕಿ ಹೊಸ ಪ್ರೈಮರ್ ತರಿಸಬೇಡಿ. ನಿಮ್ಮ ಆರ್‌ಎನ್‌ಎ ಸರಿ ಉಂಟು, ಎಚ್4 ಪ್ರೈಮರೂ ಬಹುಶಃ ಸರಿ ಉಂಟು. ತೊಂದರೆ ಇರುವುದು ಆಲಿಗೊ-ಡಿಟಿಯಲ್ಲಿ. ಅದು ಕಚ್ಚಿಕೊಳ್ಳುವುದು ಎಂಆರ್‌ಎನ್‌ಎಯ ತುದಿಯ ಪಾಲಿ-ಎ ಬಾಲವನ್ನು, ಅಂದರೆ ಅಲ್ಲಿ ಸಾಲಾಗಿರುವ ಎ ಅಕ್ಷರಗಳನ್ನು. ಪ್ರಾಣಿಗಳ ಕೋಶದಲ್ಲಿ ಆ ಬಾಲವೇ ಇಲ್ಲದ ಎಂಆರ್‌ಎನ್‌ಎಗಳೆಂದರೆ ಹಿಸ್ಟೋನ್‌ಗಳವು, ಅದರಲ್ಲೂ ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ ತಯಾರಾಗುವ ಹಿಸ್ಟೋನ್‌ಗಳವು. ಹೀಲಾ ಕೋಶದಲ್ಲೇ 1972ರಲ್ಲಿ ಇದನ್ನು ತೋರಿಸಿದ್ದಾರೆ.

ಬಾಲ ಇರಬೇಕಾದಲ್ಲಿ ಒಂದು ಪುಟ್ಟ ಕುಣಿಕೆ ಉಂಟು. 6 ಜೋಡಿ ಬೇಸ್‌ಗಳ ಕಾಂಡ, ಅದರ ಮೇಲೆ 4 ಬೇಸ್‌ಗಳ ಕುಣಿಕೆ, ಅಷ್ಟೆ. ಕೋಶವು ವಿಭಜನೆಯನ್ನೂ ಹಿಸ್ಟೋನ್ ತಯಾರಿಯನ್ನೂ ಜೋಡಿಸಿಟ್ಟಿರುವುದು ಮುಖ್ಯವಾಗಿ ಈ ಕುಣಿಕೆಯ ಮೂಲಕವೇ. ಹಾಗಾಗಿ ನಿಮಗೆ ಬಾರದ ಆ ಸಿಗ್ನಲ್ ನಿಮ್ಮ ಪ್ರಾಜೆಕ್ಟಿನ ವಿಷಯಕ್ಕೇ ಸೇರಿದ್ದು. ಅದನ್ನು ಕೆಟ್ಟ ಪ್ರಯೋಗ ಅಂತ ಬಿಡಬೇಡಿ.

ಈಗ ಮಾಡಬೇಕಾದ್ದು. ಸಿಡಿಎನ್‌ಎಯನ್ನು ರ‍್ಯಾಂಡಮ್ ಹೆಕ್ಸಾಮರ್ (ಬಾಲ ಇಲ್ಲದಿದ್ದರೂ ಎಲ್ಲೆಂದರಲ್ಲಿ ಕೂರುವ 6 ಅಕ್ಷರಗಳ ಪ್ರೈಮರ್) ಹಾಕಿ ಮತ್ತೆ ಮಾಡಿ. ಅದಕ್ಕೂ ಮುಂಚೆ ಆರ್‌ಎನ್‌ಎಗೆ ಡಿಎನ್‌ಏಸ್ (ಡಿಎನ್‌ಎ ಕರಗಿಸುವ ಕಿಣ್ವ) ಕೊಡಿ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಕಂಟ್ರೋಲ್ ಟ್ಯೂಬ್ ಜೊತೆಗೆ ಇರಲೇಬೇಕು. ಬೇರೆ ಜೀನುಗಳಲ್ಲಿ ಎರಡು ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯುವ ತುಣುಕು) ಕೂಡುವ ಜಾಗಕ್ಕೆ ಪ್ರೈಮರ್ ಇಟ್ಟು, ಬೆರೆತ ಜೀನೋಮಿಕ್ ಡಿಎನ್‌ಎಯಿಂದ ತಪ್ಪಿಸಿಕೊಳ್ಳಬಹುದು. ಈ ಹಿಸ್ಟೋನ್ ಜೀನುಗಳಲ್ಲಿ ಎಕ್ಸಾನ್‌ಗಳ ನಡುವೆ ಇದ್ದು ಕತ್ತರಿಸಿ ಹೋಗುವ ಇಂಟ್ರಾನೇ ಇಲ್ಲ. ಚೂರು ಡಿಎನ್‌ಎ ಉಳಿದಿದ್ದರೂ ಅಷ್ಟೇ ಉದ್ದದ ತುಣುಕು ಬಂದು ದಾರಿ ತಪ್ಪಿಸುತ್ತದೆ. ನಿಮ್ಮ 34–35 ಸೈಕಲ್ಲಿನ ಸಿಗ್ನಲ್ ಅದೇ ಇದ್ದರೂ ಇರಬಹುದು. ಕೆಲವು ಹಿಸ್ಟೋನ್ ಜೀನುಗಳು ಅಲ್ಪಸ್ವಲ್ಪ ಬಾಲವಿರುವ ಎಂಆರ್‌ಎನ್‌ಎಯನ್ನೂ ಮಾಡುತ್ತವೆ, ಅದೂ ಇರಬಹುದು. ಆ ಕಂಟ್ರೋಲ್ ಟ್ಯೂಬ್ ಇಲ್ಲದೆ ಎರಡನ್ನೂ ಬೇರೆ ಮಾಡಲಾಗದು.

ಇನ್ನೊಂದು ಮಾತು. ಮನುಷ್ಯರಲ್ಲಿ ಎಚ್4ಗೆ ಹತ್ತಕ್ಕೂ ಹೆಚ್ಚು ಜೀನು ಉಂಟು. ಹೆಚ್ಚಿನವು 6ನೇ ವರ್ಣತಂತುವಿನ ದೊಡ್ಡ ಗುಂಪಿನಲ್ಲಿ, ಕೆಲವು 1ನೆಯದರಲ್ಲಿ. ಪ್ರೋಟೀನ್ ಒಂದೇ ಆದರೂ ಜೀನಿನ ಅಕ್ಷರಗಳು ಅಲ್ಲಲ್ಲಿ ಬೇರೆ. ನಿಮ್ಮ ಪ್ರೈಮರ್ ಯಾವ ಪ್ರತಿಗೆ ಕೂರುತ್ತದೆ ಅಂತ ಒಮ್ಮೆ ನೋಡಿಕೊಂಡು ವರದಿಯಲ್ಲಿ ಬರೆಯಿರಿ.

ಸಂತೋಷ, ಠಾಣೆ
ಹಾಗಾದರೆ ಪಾಲಿ-ಎ ಬಾಲ ಇರೋದನ್ನಷ್ಟೇ ಆರಿಸಿ ಮಾಡಿದ ಆರ್‌ಎನ್‌ಎ ಸೀಕ್ವೆನ್ಸಿಂಗ್ ಡೇಟಾದಲ್ಲೂ ಹಿಸ್ಟೋನ್ ಕಮ್ಮಿ ಕಾಣಬೇಕಲ್ಲ ಮೇಡಮ್?

ವಿದ್ಯಾ, ಖಾರ್ಘರ್
ಹೌದು, ತುಂಬಾ ಕಮ್ಮಿ ಕಾಣುತ್ತದೆ. ಹಾಗಾಗಿ ಆ ಬಗೆಯ ಡೇಟಾ ನೋಡಿ ಹಿಸ್ಟೋನ್ ಜೀನು ಏರಿದೆ, ಇಳಿದಿದೆ ಅಂತ ತೀರ್ಮಾನಿಸಬಾರದು. ಅದರಲ್ಲಿ ಕಾಣುವ ಏರಿಕೆ ಬಾಲವಿರುವ ಸಣ್ಣ ಪಾಲಿನದ್ದು ಮಾತ್ರ ಇರಬಹುದು.

ಶೆಟ್ರು, ಮಾಟುಂಗಾ
ಇದು ನನ್ನ ಕ್ಷೇತ್ರ ಅಲ್ಲ. ಮೊಮ್ಮಗ ಬಯಾಲಜಿ ಓದುತ್ತಾನೆ, ಅವನಿಗಾಗಿ ಇಲ್ಲಿ ಬಂದು ಓದುತ್ತಾ ಇದ್ದೇನೆ. ಹಿಸ್ಟೋನ್ ಅಂದರೆ ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್, ಅಷ್ಟು ಗೊತ್ತುಂಟು. ಅದನ್ನು ಯಾವಾಗ ಬೇಕಾದರೂ ಮಾಡಿಟ್ಟುಕೊಳ್ಳಬಹುದಲ್ಲ ಮಾರಾಯ್ರೆ? ಡಿಎನ್‌ಎ ನಕಲಾಗುವ ಹೊತ್ತಿಗೇ ಮಾಡಬೇಕು ಅಂತ ಯಾಕೆ ಅಷ್ಟು ಕಟ್ಟುನಿಟ್ಟು?

ವಿದ್ಯಾ, ಖಾರ್ಘರ್
ಶೆಟ್ರೆ, ನೀವು ಕೇಳಿದ್ದೇ ಇಲ್ಲಿನ ಮೂಲ ಪ್ರಶ್ನೆ. ಮೊದಲು ಎಷ್ಟು ಬೇಕು ಅಂತ ಲೆಕ್ಕ ಹಾಕುವ. ನಮ್ಮ ಒಂದು ಕೋಶದಲ್ಲಿ ಸುಮಾರು 640 ಕೋಟಿ ಜೋಡಿ ಬೇಸ್‌ಗಳ ಡಿಎನ್‌ಎ ಉಂಟು, ಬಿಡಿಸಿಟ್ಟರೆ ಹತ್ತಿರ ಹತ್ತಿರ 2 ಮೀಟರ್. ಎಚ್2ಎ, ಎಚ್2ಬಿ, ಎಚ್3, ಎಚ್4 ತಲಾ ಎರಡರಂತೆ ಎಂಟು ಸೇರಿದ ಒಂದು ಗುಂಪಿಗೆ 147 ಜೋಡಿಗಳಷ್ಟು ಡಿಎನ್‌ಎ ಸುತ್ತಿಕೊಳ್ಳುತ್ತದೆ. ಅದಕ್ಕೆ ನ್ಯೂಕ್ಲಿಯೋಸೋಮ್ ಅಂತ ಹೆಸರು. ನಡುವಿನ ಖಾಲಿ ಜಾಗ ಸೇರಿಸಿ ಸರಾಸರಿ 200 ಜೋಡಿಗೆ ಒಂದು ಅಂತ ಹಿಡಿದರೆ 3 ಕೋಟಿಗೂ ಹೆಚ್ಚು ನ್ಯೂಕ್ಲಿಯೋಸೋಮ್ ಆಯಿತು. ವಿಭಜನೆಗೆ ಮುಂಚೆ ಡಿಎನ್‌ಎ ನಕಲಾಗಿ ಎರಡುಪಟ್ಟಾಗುತ್ತದೆ. ಹಳೆಯ ಹಿಸ್ಟೋನ್‌ಗಳು ಎರಡೂ ಪ್ರತಿಗಳಿಗೆ ಹಂಚಿಹೋಗುತ್ತವೆ. ಉಳಿದ ಅರ್ಧವನ್ನು, ಅಂದರೆ 24 ಕೋಟಿಗೂ ಮೀರಿದ ಪ್ರೋಟೀನ್ ಅಣುಗಳನ್ನು, ಡಿಎನ್‌ಎ ನಕಲಾಗುವ, 8 ಗಂಟೆಯ ಆಸುಪಾಸಿನ ಎಸ್ ಹಂತದಲ್ಲಿ ಹೊಸದಾಗಿ ಮಾಡಿ ಮುಗಿಸಬೇಕು. ಒಂದೊಂದು ಹಿಸ್ಟೋನಿಗೆ ಅಷ್ಟೊಂದು ಜೀನು ಯಾಕೆ ಅಂತ ಇದರಿಂದಲೇ ತಿಳಿಯುತ್ತದೆ. ಹಣ್ಣು ನೊಣದಲ್ಲಿ ಐದು ಹಿಸ್ಟೋನ್ ಜೀನುಗಳ ಗುಂಪು ಸುಮಾರು 100 ಸಲ ಸಾಲಾಗಿ ಉಂಟು.

ಮುಂಚೆಯೇ ಮಾಡಿಟ್ಟರೆ ಏನಾಗುತ್ತದೆ ಅಂದಿರಿ. ಹಿಸ್ಟೋನ್ ಮೇಲೆ ಧನ ವಿದ್ಯುದಂಶ ಬಹಳ. ಡಿಎನ್‌ಎ ಮೇಲೂ ಆರ್‌ಎನ್‌ಎ ಮೇಲೂ ಋಣ. ಕೆಲಸವಿಲ್ಲದೆ ತಿರುಗುವ ಹಿಸ್ಟೋನ್ ಸಿಕ್ಕಸಿಕ್ಕ ಕಡೆ ಅಂಟಿಕೊಂಡು ಕೋಶಕ್ಕೆ ವಿಷವಾಗುತ್ತದೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ.

ಶೆಟ್ರು, ಮಾಟುಂಗಾ
ಈಗ ಅರ್ಥವಾಯಿತು. ಹೋಟೆಲಿನಲ್ಲಿ ಇಡ್ಲಿ ಹಿಟ್ಟು ರುಬ್ಬುವ ಹಾಗೆ. ಬೆಳಗ್ಗೆ ಏಳಕ್ಕೆ ಸಾಲದಿದ್ದರೆ ಗಿರಾಕಿ ಎದ್ದು ಹೋಗುತ್ತಾನೆ, ಮಿಕ್ಕಿದರೆ ಮಧ್ಯಾಹ್ನಕ್ಕೆ ಹುಳಿ. ಆದರೆ ನಮ್ಮಲ್ಲಿ ಅಂದಾಜು ಹಾಕಲಿಕ್ಕೆ ಭಟ್ರು ಇದ್ದರು. ಕೋಶದಲ್ಲಿ ಆ ಅಂದಾಜು ಹಾಕುವವರು ಯಾರು?

ಶ್ರೀಧರ, ಗಣೇಶಖಿಂಡ
ನಾನು ಯೀಸ್ಟ್ ಮೇಲೆ ಕೆಲಸ ಮಾಡ್ತೀನಿ, ಊರು ಮೈಸೂರು. ಹೆಚ್ಚಾದರೆ ಏನಾಗುತ್ತೆ ಅನ್ನೋದಕ್ಕೆ ಯೀಸ್ಟಿನಲ್ಲಿ ನೇರ ಸಾಕ್ಷಿ ಇದೆ. 1986ರಲ್ಲಿ ಮೀಕ್ಸ್-ವ್ಯಾಗ್ನರ್ ಮತ್ತು ಹಾರ್ಟ್‌ವೆಲ್ ಯೀಸ್ಟ್ ಕೋಶಕ್ಕೆ ಹಿಸ್ಟೋನ್ ಜೀನುಗಳ ಹೆಚ್ಚುವರಿ ಪ್ರತಿ ಕೊಟ್ಟರು. ವಿಭಜನೆ ವೇಳೆ ವರ್ಣತಂತು ಕಳೆದುಹೋಗೋದು ಜಾಸ್ತಿ ಆಯಿತು. ಕೋಶಚಕ್ರದ ಸಂಶೋಧನೆಗೆ 2001ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಹಾರ್ಟ್‌ವೆಲ್ ಇವರೇ. 2003ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಡಿಎನ್‌ಎಗೆ ಪೆಟ್ಟಾದರೆ ಎಚ್ಚರಿಸೋ ರ‍್ಯಾಡ್53 ಅನ್ನೋ ಕೈನೇಸ್ (ಫಾಸ್ಫೇಟ್ ಹಚ್ಚೋ ಕಿಣ್ವ), ಡಿಎನ್‌ಎಗೆ ಸೇರದೆ ಉಳಿದ ಹಿಸ್ಟೋನ್‌ಗಳನ್ನೂ ಹಿಡಿದು ನಾಶಕ್ಕೆ ಕಳಿಸುತ್ತೆ.

ಆದರೆ ವಿದ್ಯಾ ಮೇಡಮ್ ಹೇಳಿದ ಒಂದು ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಯೀಸ್ಟಿನ ಹಿಸ್ಟೋನ್ ಎಂಆರ್‌ಎನ್‌ಎಗೆ ಪಾಲಿ-ಎ ಬಾಲ ಇದೆ, ಕುಣಿಕೆ ಇಲ್ಲ. ಮುಖ್ಯ ಹಿಸ್ಟೋನ್ ಒಂದೊಂದಕ್ಕೂ ಜೀನು ಬರೀ ಎರಡೆರಡು. ಆದರೂ ಹಿಸ್ಟೋನ್ ತಯಾರಿ ಎಸ್ ಹಂತಕ್ಕೆ ಅಷ್ಟೇ ಬಿಗಿಯಾಗಿ ಕಟ್ಟಿಕೊಂಡಿದೆ. ಹಾಗಿರುವಾಗ ಕುಣಿಕೆಗೆ ಅಷ್ಟು ಮಹತ್ವ ಕೊಡೋದು ಸರಿಯಾ? ಜೀನು ಆನ್ ಆಗೋದು, ಆಫ್ ಆಗೋದೇ ಮೂಲ ಅಂತ ನನ್ನ ಅಭಿಪ್ರಾಯ. ಪ್ರಾಣಿಗಳಲ್ಲೂ ನೋಡಿ. ಸೈಕ್ಲಿನ್ ಇ ಅನ್ನೋ ಕೋಶಚಕ್ರದ ಪ್ರೋಟೀನ್ ಜೊತೆಗಿರೋ ಸಿಡಿಕೆ2 ಕೈನೇಸ್ ಎನ್‌ಪ್ಯಾಟ್ ಅನ್ನೋ ಪ್ರೋಟೀನಿಗೆ ಫಾಸ್ಫೇಟ್ ಹಚ್ಚುತ್ತೆ, ಆಗ ಹಿಸ್ಟೋನ್ ಜೀನುಗಳು ಜೋರಾಗಿ ಓದಿಸಿಕೊಳ್ಳೋಕೆ ಶುರು. 2000ದಲ್ಲಿ ಎರಡು ಗುಂಪುಗಳು ಇದನ್ನ ತೋರಿಸಿದವು. ಡಿಎನ್‌ಎ ನಕಲಿಗೆ ಚಾಲನೆ ಕೊಡೋದೂ ಅದೇ ಸಿಡಿಕೆ2. ಶೆಟ್ಟರು ಕೇಳಿದ ಅಂದಾಜು ಅಲ್ಲೇ ಇದೆ. ಎರಡೂ ಕೆಲಸಕ್ಕೆ ಒಂದೇ ಕೈನೇಸ್.

ವಿದ್ಯಾ, ಖಾರ್ಘರ್
ಶ್ರೀಧರ್ ಸರ್, ಯೀಸ್ಟಿನ ಬಗ್ಗೆ ನೀವು ಹೇಳಿದ್ದು ನಿಜ. ನಾನು ಬರೆದದ್ದು ಪ್ರಾಣಿಕೋಶಗಳ ಬಗ್ಗೆ, ಅಲ್ಲಿ ನನ್ನ ಮಾತಿಗೆ ನಿಲ್ಲುತ್ತೇನೆ. 1991ರಲ್ಲಿ ಚೈನೀಸ್ ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಲ್ಲಿ, ಔಷಧಿ ಹಾಕಿ ತಡೆಯದೆ, ವಿಭಜನೆಯ ಹೊತ್ತಿಗೆ ತಟ್ಟೆಯಿಂದ ಸಡಿಲವಾಗುವ ಕೋಶಗಳನ್ನು ಮಾತ್ರ ಆರಿಸಿಕೊಂಡು ಅಳೆದಿದ್ದಾರೆ. ಎಸ್ ಹಂತಕ್ಕೆ ಬರುವಾಗ ಹಿಸ್ಟೋನ್ ಎಂಆರ್‌ಎನ್‌ಎ 35 ಪಟ್ಟು ಏರುತ್ತದೆ. ಎಸ್‌ಗೆ ಮುಂಚಿನ ಹಂತವಾದ ಜಿ1ರಲ್ಲಿ ಅದು ತಳದಲ್ಲಿರಲಿಕ್ಕೆ ಕಾರಣ ಜೀನು ನಿಧಾನ ಇರುವುದೂ ಹೌದು, ತುದಿ ಕತ್ತರಿಸುವ ಕೆಲಸ ನಿಧಾನ ಇರುವುದೂ ಹೌದು. ಎಸ್ ಮುಗಿದು ವಿಭಜನೆಗೆ ಮುಂಚೆ ಬರುವ ಜಿ2ಗೆ ಹೋಗುವಾಗ ಅಷ್ಟೇ ಪಟ್ಟು ಕುಸಿಯುತ್ತದೆ. ಆ ಕುಸಿತ ಮುಖ್ಯವಾಗಿ ಎಂಆರ್‌ಎನ್‌ಎ ಬೇಗ ಬೇಗ ನಾಶವಾಗುವುದರಿಂದ. ಜೀನು ಆಫ್ ಆದರೂ ಆಗಲೇ ತಯಾರಾದ ಎಂಆರ್‌ಎನ್‌ಎ ಉಳಿದಿರುತ್ತದಲ್ಲ? ಅದನ್ನು ತೆಗೆಯುವ ದಾರಿ ಬೇರೆಯೇ ಬೇಕು.

ಆ ದಾರಿ ಹೀಗೆ. ಕುಣಿಕೆಯನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ ಎಸ್‌ಎಲ್‌ಬಿಪಿ ಅಂತ ಹೆಸರು, 1996ರಲ್ಲಿ ಅದರ ಜೀನು ಸಿಕ್ಕಿತು. ಈ ಪ್ರೋಟೀನ್ ಜಿ1ರ ಕೊನೆಗೆ ತುಂಬಿಕೊಂಡು ಎಸ್ ಹಂತ ಮುಗಿಯುತ್ತಲೇ ಮಾಯ. ಎಸ್‌ಎಲ್‌ಬಿಪಿ ಕುಣಿಕೆಯನ್ನು ಹಿಡಿದಾಗ, ಯು7 ಎಂಬ ಚಿಕ್ಕ ಆರ್‌ಎನ್‌ಎ ಇರುವ ತಂಡ ಕುಣಿಕೆಯಿಂದ ಸ್ವಲ್ಪ ಮುಂದೆ ಕೂರುತ್ತದೆ. ಎರಡರ ನಡುವೆ ಕತ್ತರಿಸಿದರೆ ಮುಗಿಯಿತು. ಇಂಟ್ರಾನ್ ಇಲ್ಲ, ಬಾಲ ಸೇರಿಸುವುದಿಲ್ಲ, ಎಂಆರ್‌ಎನ್‌ಎ ಸಿದ್ಧ. ಅದೇ ಎಸ್‌ಎಲ್‌ಬಿಪಿ ಎಂಆರ್‌ಎನ್‌ಎ ಜೊತೆ ಸೈಟೋಪ್ಲಾಸಮಿಗೂ ಹೋಗಿ ಪ್ರೋಟೀನ್ ತಯಾರಿಗೆ ನೆರವಾಗುತ್ತದೆ. ಹುಟ್ಟುವಾಗಲೂ ಕೆಲಸ ಮಾಡುವಾಗಲೂ ಸಾಯುವಾಗಲೂ ಅದೇ ಕುಣಿಕೆ. ಡಿಎನ್‌ಎ ನಕಲು ನಿಂತಿತೋ, ಯುಪಿಎಫ್1 ಎಂಬ ಪ್ರೋಟೀನ್ ಅಲ್ಲಿಗೆ ಬರುತ್ತದೆ, ತುದಿಗೆ ಯು ಎಂಬ ಆರ್‌ಎನ್‌ಎ ಅಕ್ಷರ ನಾಲ್ಕಾರು ಅಂಟುತ್ತವೆ, ಎಂಆರ್‌ಎನ್‌ಎ ಕರಗಿಹೋಗುತ್ತದೆ. ಯು ಅಂಟುವ ಸಂಗತಿ ತಿಳಿದದ್ದು 2008ರಲ್ಲಿ. ಇಷ್ಟೆಲ್ಲ ಆ ಹತ್ತಾರು ಅಕ್ಷರಗಳ ಮೇಲೆ ನಿಂತಿರುವಾಗ ಅದಕ್ಕೆ ಮಹತ್ವ ಕೊಡದೆ ಇರುವುದು ಹೇಗೆ?

ಶ್ರೀಧರ, ಗಣೇಶಖಿಂಡ
ಜಿ2ರ ಕುಸಿತದ ಬಗ್ಗೆ ಒಪ್ಪಿದೆ ಮೇಡಮ್. ಜಿ1ರಿಂದ ಎಸ್‌ಗೆ ಏರೋದರಲ್ಲಿ ಮಾತ್ರ ಜೀನಿನ ಪಾಲೂ ದೊಡ್ಡದು ಅನ್ನೋದನ್ನ ಮೇಘಾ ತಮ್ಮ ವರದಿಯಲ್ಲಿ ಬಿಡಬಾರದು. ಕ್ಯೂಪಿಸಿಆರ್ ಒಟ್ಟು ಎಂಆರ್‌ಎನ್‌ಎಯನ್ನ ಅಳೆಯುತ್ತೆ, ಯಾವ ಹೆಜ್ಜೆಯಿಂದ ಏರಿತು ಅಂತ ಅದು ಹೇಳಲ್ಲ.

ಬಸವರಾಜ ಮಾಸ್ತರ, ವಾಸ್ಕೊ
ನಾ ಜುವಾರಿನಗರದಾಗ ಹನ್ನೊಂದು, ಹನ್ನೆರಡನೇ ಕ್ಲಾಸಿನ ಹುಡುಗರಿಗೆ ಬಯಾಲಜಿ ಹೇಳ್ತೀನ್ರಿ. ಬಾಗಲಕೋಟಿ, ವಿಜಯಪುರ ಕಡಿಂದ ದುಡ್ಯಾಕ ಬಂದವರ ಮಕ್ಕಳು. ಎಸ್ ಹಂತದಾಗ ಡಿಎನ್‌ಎ ಎರಡುಪಟ್ಟು ಆಗತೈತಿ ಅಂತ ಒಂದ ಸಾಲು ಓದಿ ಮುಂದ ಹೋಗತಾರ. ಹೋದ ವಾರ ಒಬ್ಬ ಹುಡುಗಿ ಕೇಳಿದ್ಲು, "ಸರ್, ಡಿಎನ್‌ಎ ನಕಲಾತು, ಹಿಸ್ಟೋನ್ ಸಿಗಲಿಲ್ಲ, ಆಗ ಕೋಶ ಒಡೀತೈತೋ ಇಲ್ಲೋ?" ಪ್ರಶ್ನೆ ಭಾಳ ಚಲೋ ಅನಿಸ್ತು. ಆಕಿಗೆ ಊಹೆ ಮಾಡಿ ಹೇಳಬಾರದು, ಖರೇ ಉತ್ತರ ಹೇಳಬೇಕು. ಯಾರರ ನೋಡ್ಯಾರೇನ್ರಿ?

ವಿದ್ಯಾ, ಖಾರ್ಘರ್
ನೋಡಿದ್ದಾರೆ ಮಾಸ್ತರರೆ. ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಹಣ್ಣು ನೊಣದಲ್ಲಿ ಹಿಸ್ಟೋನ್ ಜೀನುಗಳೆಲ್ಲ ಒಂದೇ ಕಡೆ ಇರುವುದರಿಂದ ಆ ಇಡೀ ಗುಂಪನ್ನೇ ತೆಗೆದುಹಾಕಲಿಕ್ಕೆ ಆಗುತ್ತದೆ. ಮನುಷ್ಯನಲ್ಲಿ ಅದು ಆಗದು. ನೊಣದ ಭ್ರೂಣ ಮೊದಲ ಕೆಲವು ವಿಭಜನೆಗಳನ್ನು ತಾಯಿ ಮೊಟ್ಟೆಯಲ್ಲಿ ಇಟ್ಟುಹೋದ ಹಿಸ್ಟೋನಿನಲ್ಲೇ ಮುಗಿಸುತ್ತದೆ. ಅದು ತೀರಿದ ಮೇಲೆ ಹೊಸದು ಬೇಕು. ಹೊಸದು ಇಲ್ಲದ ಭ್ರೂಣದಲ್ಲಿ ಡಿಎನ್‌ಎ ನಕಲು ನಡೆಯುತ್ತದೆ, ಆದರೆ ತುಂಬಾ ನಿಧಾನ. ನಕಲು ಮುಗಿದರೂ ಕೋಶ ಒಡೆಯುವುದಿಲ್ಲ, ಜಿ2ರಲ್ಲಿ ನಿಂತುಬಿಡುತ್ತದೆ. ವಿಭಜನೆಗೆ ಅನುಮತಿ ಕೊಡುವ ಸ್ಟ್ರಿಂಗ್ ಎಂಬ ಜೀನು ಅಲ್ಲಿ ಎಚ್ಚೆತ್ತುಕೊಳ್ಳುವುದೇ ಇಲ್ಲ. 2014ರಲ್ಲಿ ಇದರ ವಿವರ ಹೊರಬಂತು. ಅಂದರೆ ಸಂಬಂಧ ಎರಡೂ ಕಡೆಗೆ ಉಂಟು. ವಿಭಜನೆಗೆ ಹೊರಟ ಕೋಶ ಹಿಸ್ಟೋನ್ ಮಾಡಿಸುತ್ತದೆ, ಹಿಸ್ಟೋನ್ ಸಿಗದೆ ವಿಭಜನೆ ಮುಂದೆ ಹೋಗುವುದಿಲ್ಲ.

ಶ್ರೀಧರ, ಗಣೇಶಖಿಂಡ
ಮಾಸ್ತರರೆ, ಕಪ್ಪೆಯ ಉದಾಹರಣೆಯನ್ನೂ ಹೇಳಿ, ಮಕ್ಕಳಿಗೆ ಹಿಡಿಸುತ್ತೆ. ಜೆನೋಪಸ್ ಕಪ್ಪೆಯ ಮೊಟ್ಟೆ ಶುರುವಿನ 12 ವಿಭಜನೆಗಳನ್ನ ಒಂದಾದ ಮೇಲೊಂದು, ಬಹಳ ವೇಗವಾಗಿ ಮಾಡುತ್ತೆ. ಆಮೇಲೆ ವೇಗ ತಗ್ಗಿ, ಭ್ರೂಣದ ಸ್ವಂತ ಜೀನುಗಳು ಜೋರಾಗಿ ಕೆಲಸ ಶುರುಮಾಡುತ್ತವೆ. ಎಷ್ಟು ವಿಭಜನೆ ಆಯಿತು ಅಂತ ಮೊಟ್ಟೆಗೆ ತಿಳಿಯೋದು ಹೇಗೆ? ಮೊಟ್ಟೆಯಲ್ಲಿರೋ ಹಿಸ್ಟೋನ್ ದಾಸ್ತಾನು ಹೆಚ್ಚು ಕಡಿಮೆ ಅಷ್ಟೇ ಇರುತ್ತೆ, ಡಿಎನ್‌ಎ ಮಾತ್ರ ಪ್ರತಿ ಸಲ ಎರಡುಪಟ್ಟಾಗುತ್ತೆ. ಆ ಅನುಪಾತವೇ ಒಂದು ಸೂಚನೆ. 2015ರಲ್ಲಿ ಎಚ್3 ಕಡಿಮೆ ಮಾಡಿದಾಗ ಜೀನುಗಳು ಅವಧಿಗೆ ಮುಂಚೆ ಎಚ್ಚೆತ್ತು ಕೋಶಚಕ್ರ ಉದ್ದವಾಯಿತು. ಎಚ್3, ಎಚ್4 ಹೆಚ್ಚು ಕೊಟ್ಟಾಗ ಆಮೇಲಿನ ಚಕ್ರಗಳು ಗಿಡ್ಡವಾದವು.

ಬಸವರಾಜ ಮಾಸ್ತರ, ವಾಸ್ಕೊ
ಇಬ್ಬರಿಗೂ ಭಾಳ ಉಪಕಾರ ಆತ್ರಿ. ಇನ್ನೊಂದ ಕೇಳ್ತೀನಿ. ಎಲ್ಲಾ ಹಿಸ್ಟೋನೂ ಎಸ್ ಹಂತದಾಗ ಆಗತಾವೇನು?

ಶ್ರೀಧರ, ಗಣೇಶಖಿಂಡ
ಇಲ್ಲ. ಎಚ್3.3 ಅನ್ನೋ ರೂಪ ಕೋಶಚಕ್ರ ಪೂರ್ತಿ ತಯಾರಾಗುತ್ತಿರುತ್ತೆ. ಅದರ ಜೀನಿಗೆ ಇಂಟ್ರಾನೂ ಇದೆ, ಎಂಆರ್‌ಎನ್‌ಎಗೆ ಪಾಲಿ-ಎ ಬಾಲವೂ ಇದೆ. ನರಕೋಶದಂಥ, ಮತ್ತೆ ಒಡೆಯದ ಕೋಶಗಳು ಹಳೆಯ ಎಚ್3 ಬದಲಿಸಿಕೊಳ್ಳೋದು ಇದರಿಂದಲೇ. ಸೆಂಟ್ರೋಮಿಯರಿನ (ವಿಭಜನೆ ವೇಳೆ ವರ್ಣತಂತುವನ್ನ ಹಿಡಿದು ಎಳೆಯೋ ಜಾಗ) ಸೆನ್ಪ್-ಎ ಅನ್ನೋ ಎಚ್3 ರೂಪ ಇನ್ನೂ ಬೇರೆ. ಮನುಷ್ಯರಲ್ಲಿ ಅದು ಹೆಚ್ಚಾಗಿ ಜಿ2ರಲ್ಲಿ ತಯಾರಾಗಿ, ವಿಭಜನೆ ಮುಗಿದ ಮೇಲೆ, ಮುಂದಿನ ಜಿ1ರ ಶುರುವಿನಲ್ಲಿ ತನ್ನ ಜಾಗಕ್ಕೆ ಸೇರುತ್ತೆ.

ರೇಖಾ, ಪರೇಲ್
ನಾನು ಹಿಸ್ಟೋಪೆಥಾಲಜಿ (ಗಡ್ಡೆ, ಅಂಗಾಂಶ ಪರೀಕ್ಷೆ) ಲ್ಯಾಬಿನಲ್ಲಿ ಟೆಕ್ನಿಷಿಯನ್. ನಮಗೆ ಎಚ್3 ಅಂದ್ರೆ ಸ್ಲೈಡ್. ಗಡ್ಡೆಯಲ್ಲಿ ಎಷ್ಟು ಕೋಶ ಒಡೀತಿವೆ ಅಂತ ಎಣಿಸಲು ಕೆಲವು ಕೇಸುಗಳಲ್ಲಿ ಫಾಸ್ಫೋ-ಹಿಸ್ಟೋನ್ ಎಚ್3 ಬಣ್ಣ ಹಾಕ್ತೀವಿ. ವಿಭಜನೆಗೆ ಇಳಿದ ಕೋಶದಲ್ಲಿ ಅರೋರಾ ಬಿ ಕೈನೇಸ್ ಎಚ್3ಯ 10ನೇ ಅಮೈನೋ ಆಮ್ಲವಾದ ಸೆರೀನಿಗೆ ಫಾಸ್ಫೇಟ್ ಹಚ್ಚುತ್ತೆ, ಆ ಗುರುತನ್ನ ಆಂಟಿಬಾಡಿ ಹಿಡಿಯುತ್ತೆ. ಕುಗ್ಗಿ ಸಾಯ್ತಿರೋ ಕೋಶವನ್ನ ಒಡೀತಿರೋ ಕೋಶ ಅಂತ ಎಣಿಸೋದು ಇದರಿಂದ ಕಡಿಮೆ ಆಗುತ್ತೆ.

ಮಕ್ಕಳ ಮಿದುಳಿನ ನಡುಭಾಗದ ಗಡ್ಡೆಗಳಲ್ಲಿ ಎಚ್3 ಕೆ27ಎಂ ಅಂತ ಇನ್ನೊಂದು ಆಂಟಿಬಾಡಿ ಹಾಕ್ತೀವಿ. 27ನೇ ಜಾಗದ ಲೈಸೀನ್ ಹೋಗಿ ಮೆಥಿಯೋನಿನ್ ಬಂದಿರುತ್ತೆ. 2012ರಲ್ಲಿ ಪತ್ತೆಯಾದದ್ದು. ಎಚ್3ಗೆ ಇಷ್ಟೊಂದು ಜೀನು ಇವೆ ಅಂತ ಇಲ್ಲಿ ಓದಿದ ಮೇಲೆ ಒಂದು ಪ್ರಶ್ನೆ. ಅಷ್ಟರಲ್ಲಿ ಒಂದೇ ಒಂದು ಕೆಟ್ಟರೆ ಇಷ್ಟು ದೊಡ್ಡ ಅನಾಹುತ ಹೇಗೆ?

ವಿದ್ಯಾ, ಖಾರ್ಘರ್
ರೇಖಾ, ಆ ಬದಲಾದ ಎಚ್3, 27ನೇ ಲೈಸೀನಿಗೆ ಮೀಥೈಲ್ ಗುರುತು ಹಾಕುವ ಪಿಆರ್‌ಸಿ2 ಎಂಬ ಕಿಣ್ವದ ಕೆಲಸವನ್ನೇ ತಡೆಯುತ್ತದೆ. ಹಾಗಾಗಿ ಸರಿಯಾದ ಪ್ರತಿಗಳಿಂದ ಬಂದ ಎಚ್3ಗೂ ಗುರುತು ಸರಿಯಾಗಿ ಬೀಳುವುದಿಲ್ಲ, ಮುಚ್ಚಿರಬೇಕಾದ ಜೀನುಗಳು ತೆರೆದುಕೊಳ್ಳುತ್ತವೆ. ಎಷ್ಟು ಪ್ರತಿ ಕೆಟ್ಟಿದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಸ್ಲೈಡುಗಳನ್ನು ನೀವು ಜಾಗ್ರತೆಯಿಂದ ಮಾಡುವುದರ ಮೇಲೆ ಆ ಮಕ್ಕಳ ರೋಗನಿರ್ಣಯ ನಿಂತಿದೆ.

ಸುಮಂಗಲಾ, ಪಿಂಪ್ರಿ
ನಾನು ನರ್ಸ್. ವಿದರ್ಭದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತರೋಗ ಇರೋ ಮಕ್ಕಳಿದ್ದಾರೆ, ಹೈಡ್ರಾಕ್ಸಿಯೂರಿಯಾ ತಗೋತಾರೆ. ಆ ಔಷಧಿ ಡಿಎನ್‌ಎ ನಕಲನ್ನು ತಡೆಯುತ್ತದೆ ಅಂತ ತರಬೇತಿಯಲ್ಲಿ ಕೇಳಿದ್ದೆ. ಹಾಗಾದರೆ ಈ ಹಿಸ್ಟೋನ್ ವಿಷಯಕ್ಕೂ ಅದಕ್ಕೂ ಸಂಬಂಧ ಇದೆಯಾ? ತಾಯಂದಿರು ಕೇಳಿದರೆ ಏನು ಹೇಳಬೇಕು?

ವಿದ್ಯಾ, ಖಾರ್ಘರ್
ಸಂಬಂಧ ಉಂಟು ಅಕ್ಕ. ಆದರೆ ತಾಯಂದಿರಿಗೆ ಹೇಳುವ ಮಾತು ಬೇರೆ, ನಾವು ಲ್ಯಾಬಿನಲ್ಲಿ ಆಡುವ ಮಾತು ಬೇರೆ. ಹೈಡ್ರಾಕ್ಸಿಯೂರಿಯಾ ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಡಿಎನ್‌ಎ ಕಟ್ಟುವ ಸಾಮಗ್ರಿ ಕಡಿಮೆಯಾಗಿ ಎಸ್ ಹಂತ ನಿಲ್ಲುತ್ತದೆ. ಪ್ರಯೋಗದ ತಟ್ಟೆಯಲ್ಲಿ ಹೆಚ್ಚು ಪ್ರಮಾಣ ಹಾಕಿದರೆ ಕೂಡಲೇ ಹಿಸ್ಟೋನ್ ಎಂಆರ್‌ಎನ್‌ಎ ನಾಶವಾಗುತ್ತದೆ. ಮಕ್ಕಳಿಗೆ ಔಷಧಿ ಕೊಡುವುದು ಆ ಉದ್ದೇಶಕ್ಕಲ್ಲ. ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಲಿ, ನೋವಿನ ದಾಳಿ ಕಡಿಮೆಯಾಗಲಿ ಅಂತ ಕೊಡುವುದು. ಮಜ್ಜೆಯಲ್ಲಿ ಸದಾ ಒಡೆಯುತ್ತಿರುವ ಕೋಶಗಳ ಮೇಲೆ ಅದರ ಪರಿಣಾಮ ಆಗುತ್ತದೆ. ರಕ್ತಕಣಗಳ ಎಣಿಕೆ ತಪ್ಪದೆ ಮಾಡಿಸಿ ಅಂತ ವೈದ್ಯರು ಹೇಳುವುದು ಅದಕ್ಕೇ. ತಾಯಂದಿರಿಗೆ ಇಷ್ಟೇ ಹೇಳಿ: ಎಣಿಕೆ ಬಿಡಬೇಡಿ, ತಾವಾಗಿಯೇ ಔಷಧಿ ನಿಲ್ಲಿಸಬೇಡಿ, ಪ್ರಮಾಣವನ್ನೂ ಬದಲಿಸಬೇಡಿ, ಏನಿದ್ದರೂ ವೈದ್ಯರನ್ನು ಕೇಳಿ.

ಮೇಘಾ, ಪುಣೆ
ವಿದ್ಯಾ ಅಕ್ಕಾ, ರ‍್ಯಾಂಡಮ್ ಹೆಕ್ಸಾಮರ್ ಹಾಕಿ ಮಾಡಿದೆ. ಎಚ್4 ಈಗ 19ನೇ ಸೈಕಲ್ಲಿಗೇ ಬರತೈತಿ. ಕಂಟ್ರೋಲ್ ಟ್ಯೂಬಿನಾಗ ಏನೂ ಇಲ್ಲ. ಭಾಳ ಖುಷಿ ಆತು. ಸುಮಂಗಲಾ ಅಕ್ಕಾ ಕೇಳಿದ್ದು ಓದಿ ಒಂದ ವಿಚಾರ ಬಂತು. ನಾನೂ ತಟ್ಟ್ಯಾಗ ಹೈಡ್ರಾಕ್ಸಿಯೂರಿಯಾ ಹಾಕಿ, ನಕಲು ನಿಂತಾಗ ಎಚ್4 ಎಷ್ಟ ಲಗೂ ಇಳೀತೈತಿ ಅಂತ ಅಳೀಬಹುದೇನ್ರಿ?

ವಿದ್ಯಾ, ಖಾರ್ಘರ್
ಅಳೆಯಬಹುದು, ಒಳ್ಳೆಯ ಪ್ರಯೋಗ ಅದು. ಹೆಚ್ಚಾದರೆ ಡಿಎನ್‌ಎ ನಕಲು ತಡೆಯುವ ಥೈಮಿಡಿನ್ ಎರಡು ಸಲ ಹಾಕಿ ಕೋಶಗಳನ್ನು ಜಿ1 ಮತ್ತು ಎಸ್ ನಡುವಿನ ಗಡಿಯಲ್ಲಿ ನಿಲ್ಲಿಸಿ, ಆಮೇಲೆ ತಡೆ ತೆಗೆದು ಮುಂದೆ ಹೋಗಲು ಬಿಡಿ. ಎಸ್ ಹಂತದ ನಡುವಿಗೆ ಬಂದಾಗ ಹೈಡ್ರಾಕ್ಸಿಯೂರಿಯಾ ಹಾಕಿ. ಸಮಯದ ಅಂತರ ದೊಡ್ಡದಿಟ್ಟರೆ ಏನೂ ಕಾಣುವುದಿಲ್ಲ, ಎಂಆರ್‌ಎನ್‌ಎಯ ಅರ್ಧಾಯುಷ್ಯ (ಅರ್ಧ ಪಾಲು ನಾಶವಾಗುವ ಸಮಯ) 10–15 ನಿಮಿಷಕ್ಕೆ ಇಳಿದಿರುತ್ತದೆ. 0, 10, 20, 30, 45 ನಿಮಿಷಕ್ಕೆ ಆರ್‌ಎನ್‌ಎ ತೆಗೆಯಿರಿ. ಇನ್ನೊಂದು ತಟ್ಟೆಗೆ ಅದರ ಜೊತೆ ಸೈಕ್ಲೋಹೆಕ್ಸಿಮೈಡ್ ಹಾಕಿ. ಪ್ರೋಟೀನ್ ತಯಾರಿ ನಿಂತರೆ ಈ ನಾಶವೂ ನಿಲ್ಲುತ್ತದೆ, ಎಚ್4 ಉಳಿದುಕೊಳ್ಳಬೇಕು. ಹೋಲಿಕೆಗೆ 18ಎಸ್ ಇಟ್ಟುಕೊಳ್ಳಿ, ಹೆಕ್ಸಾಮರಿನಲ್ಲಿ ಅದು ಸಿಗುತ್ತದೆ.

ಶ್ರೀಧರ, ಗಣೇಶಖಿಂಡ
ಎಚ್3.3 ಪ್ರೈಮರ್ ಒಂದನ್ನೂ ಸೇರಿಸಿ. ಅದು ಹಿಸ್ಟೋನೇ, ಆದರೆ ಕುಣಿಕೆ ಇಲ್ಲ. ಎಚ್4 ಕುಸಿದು ಎಚ್3.3 ನಿಂತರೆ, ನಾಶ ಕುಣಿಕೆ ಇರೋದಕ್ಕೆ ಮಾತ್ರ ಅಂತ ಬರೆಯೋಕೆ ನಿಮಗೆ ಆಧಾರ ಸಿಗುತ್ತೆ.